ಕಡಲ ಮೀನಿಗೆ ಜಡ್ಡು

ಮೀನು ನಿಮಿಷಕ್ಕೆ ಎಷ್ಟು ಸಲ ಉಸಿರಾಡುತ್ತದೆಂದು ಎಣಿಸುವುದು ಕಷ್ಟವಲ್ಲ. ಕಿವಿರಿನ ಮುಚ್ಚಳ ತೆರೆದು ಮುಚ್ಚುವುದನ್ನು ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಆಯಿತು. ನಮ್ಮ ಮನೆಯ ಜೋಡಿ ಮೀನುಗಳದು ಆರಾಮಾಗಿದ್ದಾಗ ಎಪ್ಪತ್ತೆರಡರಿಂದ ಎಂಬತ್ತು. ಆ ಬುಧವಾರ ಸಂಜೆ ಮುಂಡರಗಿಯಿಂದ ಬಸ್ಸಿನಲ್ಲಿ ಬಂದು ಬಾಗಿಲು ತೆರೆದಾಗ ದೊಡ್ಡದು ಎಂದಿನಂತೆ ಗಾಜಿನ ಮುಂದಕ್ಕೆ ಬಂತು. ಸಣ್ಣದು ಬರಲಿಲ್ಲ. ಫಿಲ್ಟರಿನ ನೀರು ಬೀಳುವ ಮೂಲೆಯಲ್ಲಿ, ಗುಳ್ಳೆಗಳ ಕೆಳಗೆ ಮುಖ ಒಡ್ಡಿಕೊಂಡು ನಿಂತಿತ್ತು. ಎಣಿಸಿದೆ. ನೂರಾ ಮೂವತ್ತೆರಡು. ತಪ್ಪಿರಬೇಕು ಎಂದು ಮತ್ತೆ ಎಣಿಸಿದೆ. ಅಷ್ಟೇ ಬಂತು.

ಧಾರವಾಡದಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಬೆಟಗೇರಿಯ ಮನೆಗೆ ಮರಳಿದ ವರ್ಷ ನಾನು ಆ ಎರಡು ಮೀನುಗಳನ್ನು ತಂದಿದ್ದೆ. ಕಿತ್ತಳೆ ಬಣ್ಣ, ಮೈಮೇಲೆ ಮೂರು ಬಿಳಿ ಪಟ್ಟಿ. ಆಗ ಎರಡೂ ಹೆಬ್ಬೆರಳಿನ ಉಗುರಿನಷ್ಟಿದ್ದವು. ನಾಲ್ಕು ವರ್ಷದಲ್ಲಿ ಒಂದು ದೊಡ್ಡದಾಗಿ ಹೆಣ್ಣಾಯಿತು, ಇನ್ನೊಂದು ಸಣ್ಣದಾಗಿಯೇ ಉಳಿದು ಗಂಡಾಯಿತು. ಆ ಜಾತಿಯ ರೀತಿಯೇ ಹಾಗೆ. ಒಡೆದ ಮಡಕೆಯ ಚೂರೊಂದರ ಕೆಳಗೆ ಅವುಗಳ ಸಂಸಾರ. ಸಮುದ್ರವನ್ನೇ ಕಾಣದ ಊರಿನಲ್ಲಿ ಸಮುದ್ರದ ಮೀನು ಸಾಕುವುದೆಂದರೆ ನೀರನ್ನೂ ನಾವೇ ಮಾಡಬೇಕು. ನಳದ ನೀರೂ ಬೋರಿನ ನೀರೂ ಆಗುವುದಿಲ್ಲ. ಓಣಿಯ ತುದಿಯ ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ತಂದು, ಸಮುದ್ರದ ಉಪ್ಪಿನ ಪುಡಿ ಅಳೆದು ಬೆರೆಸಿ, ಒಂದು ರಾತ್ರಿ ಗಾಳಿ ಪಂಪು ಹಚ್ಚಿಟ್ಟರೆ ನೀರು ಸಿದ್ಧ. ನಾಲ್ಕು ವರ್ಷ ಪ್ರತಿ ಭಾನುವಾರ ಆ ಕೆಲಸ ತಪ್ಪಿಸಿಲ್ಲ. ಆ ಮೀನುಗಳು ನನಗೆ ಏನಾಗಿದ್ದವು ಎಂಬುದನ್ನು ಇದಕ್ಕಿಂತ ಬಿಡಿಸಿ ಹೇಳಲು ನನಗೆ ಬರುವುದಿಲ್ಲ.

ಮನೆಯಲ್ಲಿ ಅವ್ವ ಮತ್ತು ನಾನು ಇಬ್ಬರೇ. ಅವ್ವನದು ಒಂದೇ ಕರಾರು. "ಮೀನಿನ ಮಗ್ಗು, ಮೀನಿನ ಬಕೀಟು ಅಡಿಗಿಮನಿ ಹೊಸ್ತಿಲ ದಾಟಬಾರ್ದು ನೋಡು." ನಾವು ಮೊಟ್ಟೆಯನ್ನೂ ಮುಟ್ಟದವರು. ನಾನು ಆ ಕರಾರನ್ನು ಮುರಿದಿರಲಿಲ್ಲ.

ರೋಗ ಎಲ್ಲಿಂದ ಬಂತೆಂದು ನನಗೆ ಬುಧವಾರವೇ ಗೊತ್ತಿತ್ತು. ಅದರ ಹಿಂದಿನ ಭಾನುವಾರ ಲಕ್ಷ್ಮೇಶ್ವರದಿಂದ ಗಂಡಿನ ಕಡೆಯವರು ನನ್ನನ್ನು ನೋಡಲು ಬಂದಿದ್ದರು. ಅವರು ಬರುವುದಕ್ಕೆ ಎರಡು ದಿನ ಮೊದಲು ಅವ್ವ ಪಡಸಾಲೆಯ ಗಾಜಿನ ತೊಟ್ಟಿಯ ಮುಂದೆ ನಿಂತು, "ಎಷ್ಟ್ ದೊಡ್ಡ ತೊಟ್ಟಿ, ಎರಡ ಮೀನ. ಬಂದವ್ರು ಉಳದಾವೆಲ್ಲ ಸತ್ತಾವೇನ್ ಅಂತ ಕೇಳ್ತಾರ" ಎಂದಳು. ಕಾಕಾ ಹುಬ್ಬಳ್ಳಿಗೆ ಹೋದವನು ಪ್ಲಾಸ್ಟಿಕ್ ಚೀಲದಲ್ಲಿ ಒಂದು ನೀಲಿ ಮೀನು ತಂದುಬಿಟ್ಟ. ಹೊಸ ಮೀನನ್ನು ನಾಲ್ಕು ವಾರ ಬೇರೆ ಟಬ್ಬಿನಲ್ಲಿಟ್ಟು, ರೋಗವಿಲ್ಲವೆಂದು ಖಾತ್ರಿಯಾದ ಮೇಲೆ ತೊಟ್ಟಿಗೆ ಬಿಡುವುದು ನನ್ನ ನಿಯಮ. ಅದನ್ನು ಹೇಳಬೇಕಿತ್ತು. ಅವ್ವನ ಮುಖದಲ್ಲಿ ಬಹಳ ದಿನದ ಮೇಲೆ ಹುರುಪು ಕಂಡಿತ್ತು, ಪಡಸಾಲೆಗೆ ಹೊಸ ಪರದೆ ಬಂದಿತ್ತು. ಸುಮ್ಮನೇ ಆ ಮೀನನ್ನು ತೊಟ್ಟಿಗೆ ಬಿಟ್ಟೆ.

ಬಂದವರಲ್ಲಿ ಹುಡುಗನ ದೊಡ್ಡವ್ವ ಚುರಮುರಿ ಸೂಸಲದ ತಾಟು ಕೈಯಲ್ಲಿ ಹಿಡಿದೇ ತೊಟ್ಟಿಯ ಹತ್ತಿರ ಹೋದರು.

"ಇವನ್ನ ತಿಂತೀರೇನ್ರಿ ಮತ್ತ?"

"ಅಯ್ಯ ಶಿವನ!" ಎಂದಳು ಅವ್ವ. "ನಾವು ಸೋಮವಾರ ಉಳ್ಳಾಗಡ್ಡಿನ ತಿನ್ನಂಗಿಲ್ರಿ."

"ಮತ್ಯಾಕ ಸಾಕೀರಿ?"

ಅವ್ವ ನನ್ನ ಕಡೆ ನೋಡಿದಳು. ಎಲ್ಲರೂ ನೋಡಿದರು. "ನೋಡಾಕರಿ" ಎಂದೆ. ಆ ದಿನ ನಾನಾಡಿದ ಮಾತು ಅದೊಂದೇ ಇರಬೇಕು.

ಗುರುವಾರ ಬೆಳಿಗ್ಗೆ ನೀಲಿ ಮೀನು ತಳದಲ್ಲಿ ಸತ್ತು ಬಿದ್ದಿತ್ತು. ಸಣ್ಣದರ ಉಸಿರು ನೂರಾ ನಲವತ್ತೆಂಟು. ದೊಡ್ಡದರದೂ ನೂರು ದಾಟಿತ್ತು. ಕಾಲೇಜಿಗೆ ರಜೆ ಹಾಕಿ ಗದಗಿನ ಸಾಕುಮೀನಿನ ಅಂಗಡಿಗೆ ಹೋದೆ. ಅಲ್ಲಿರುವುದೆಲ್ಲ ಸಿಹಿನೀರಿನ ಮೀನು ಎಂದು ಗೊತ್ತಿದ್ದೂ ಹೋದೆ. ಅಂಗಡಿಯ ಹಿರಿಯರು ನನ್ನ ಮಾತನ್ನು ಅರ್ಧಕ್ಕೇ ತಡೆದರು.

"ಒಂದ್ ಮುಷ್ಟಿ ಉಪ್ಪ ಹಾಕಮ್ಮಾ, ಎಲ್ಲಾ ಹೋಗತೈತಿ."

"ಉಪ್ಪು ಐತ್ರಿ ಅದರಾಗ. ಸಮುದ್ರದ ಮೀನರಿ."

"ಹೌದಾ?" ಎಂದು ಸ್ವಲ್ಪ ಯೋಚಿಸಿದರು. "ಹಂಗಾರ ಇನ್ನೊಂದ್ ಮುಷ್ಟಿ ಹಾಕು."

ಆಮೇಲೆ ತಾವೇ ನಕ್ಕು, ನನ್ನ ಮುಖ ನೋಡಿ ನಗು ನಿಲ್ಲಿಸಿ, "ಬೇಟಾ, ಖರೆ ಹೇಳ್ತೀನಿ, ಸಮುದ್ರದ್ದು ನಮಗ ತಿಳಿಯಂಗಿಲ್ಲ" ಎಂದರು. ಹಾಗೆಂದು ಒಪ್ಪಿಕೊಂಡವರು ಅವರೊಬ್ಬರೇ. ಫೋನಿನಲ್ಲಿ ಕೇಳಿದ ಉಳಿದವರೆಲ್ಲ ಒಬ್ಬೊಬ್ಬರು ಒಂದೊಂದು ಔಷಧ ಹೇಳಿದ್ದರು.

ಮೊದಲು ನಾನು ಬಿಳಿ ಚುಕ್ಕೆ ರೋಗವೆಂದುಕೊಂಡಿದ್ದೆ. ಅದರಲ್ಲಿ ಮೈಮೇಲೆ ಉಪ್ಪಿನ ಹರಳಿನಂಥ ಚುಕ್ಕೆ ಏಳುತ್ತವೆ, ಎಣಿಸಬಹುದು, ಕೆಲವು ದಿನದ ಸಮಯವೂ ಇರುತ್ತದೆ. ಶುಕ್ರವಾರವೂ ರಜೆ ಹಾಕಿದ್ದೆ; ಮಧ್ಯಾಹ್ನ ಪರದೆ ಎಳೆದು, ದೀಪ ಆರಿಸಿ, ಟಾರ್ಚನ್ನು ಮೇಲಿನಿಂದ ಓರೆಯಾಗಿ ಹಿಡಿದು ನೋಡಿದೆ. ಚುಕ್ಕೆಗಳಿರಲಿಲ್ಲ. ಸಣ್ಣದರ ಬೆನ್ನಿನ ತುಂಬ ಸಣ್ಣಗೆ ಜರಡಿ ಹಿಡಿದ ಅರಿಸಿನದಂಥ ಧೂಳು. ಅದು ತಿರುಗಿದಾಗ ಬಂಗಾರದ ಹಾಗೆ ಮಿನುಗಿತು. ಇದಕ್ಕೆ ವೆಲ್ವೆಟ್ ರೋಗ ಎನ್ನುತ್ತಾರೆ. ಕಣ್ಣಿಗೆ ಕಾಣದ ಪರಾವಲಂಬಿ ಮೊದಲು ಕಿವಿರಿಗೆ ಹತ್ತುತ್ತದೆ, ಮೈಮೇಲೆ ಕಾಣುವ ಹೊತ್ತಿಗೆ ಉಸಿರು ಕಟ್ಟುತ್ತಿರುತ್ತದೆ. ಉಳಿದಿರುವುದು ಒಂದೋ ಎರಡೋ ದಿನ.

ಔಷಧ ತಾಮ್ರ. ನೀರಿನಲ್ಲಿ ಬಹಳ ಕಡಿಮೆ ಪ್ರಮಾಣದ ತಾಮ್ರ. ಕಡಿಮೆಯಾದರೆ ರೋಗ ಸಾಯುವುದಿಲ್ಲ, ಸ್ವಲ್ಪ ಹೆಚ್ಚಾದರೆ ಮೀನು ಸಾಯುತ್ತದೆ. ತೊಟ್ಟಿಯಲ್ಲಿದ್ದ ಸೀಗಡಿ, ಬಸವನಹುಳುಗಳಿಗಂತೂ ಅದು ಶುದ್ಧ ವಿಷ. ಆದ್ದರಿಂದ ಮೀನುಗಳನ್ನು ಬೇರೆ ಟಬ್ಬಿಗೆ ತೆಗೆದೇ ಚಿಕಿತ್ಸೆ ಮಾಡಬೇಕು. ಬೆಂಗಳೂರಿನಿಂದ ಔಷಧದ ಬಾಟಲಿ ಕೊರಿಯರಿನಲ್ಲಿ ಬರಲು ನಾಲ್ಕು ದಿನ ಎಂದರು. ಆದರೆ ಮೈಲುತುತ್ತವೆಂದರೂ ತಾಮ್ರವೇ. ನಾನು ಅತಿಥಿ ಉಪನ್ಯಾಸಕಿಯಾಗಿರುವ ಮುಂಡರಗಿಯ ಕಾಲೇಜಿನ ಪ್ರಯೋಗಾಲಯದಲ್ಲಿ ಅದರ ಶುದ್ಧ ಹರಳುಗಳು ನೀಲಿಯಾಗಿ ಬಾಟಲಿಯಲ್ಲಿವೆ. ವಾರವಾರವೂ ನಾನೇ ಮುಚ್ಚಳ ತೆರೆಯುತ್ತೇನೆ.

ಶುಕ್ರವಾರ ಸಂಜೆ ಹಿತ್ತಿಲಿನಲ್ಲಿ ಎರಡು ಪ್ಲಾಸ್ಟಿಕ್ ಬಕೆಟ್ಟುಗಳಲ್ಲಿ ಉಪ್ಪುನೀರು ಬೆರೆಸಿ ಪಂಪು ಹಚ್ಚಿದೆ. ಶನಿವಾರ ನಸುಕಿನಲ್ಲಿ ಪಂಪು ತೆಗೆದು, ಬಕೆಟ್ಟುಗಳಿಗೆ ತಾಟು ಮುಚ್ಚಿ, ಮೊದಲ ಬಸ್ಸಿಗೆ ಹೊರಟೆ. ಬೀಡನಾಳವೋ ಡಂಬಳವೋ, ದಾರಿಯಲ್ಲಿ ಯಾವ ಊರು ಬಂತು ಹೋಯಿತು ತಿಳಿಯಲಿಲ್ಲ. ಹಿಂದಿನ ಸೀಟಿನಲ್ಲಿ ಕೂತು ಲೆಕ್ಕ ಮಾಡುತ್ತಿದ್ದೆ. ಒಂದು ಗ್ರಾಂ ಹರಳು, ಒಂದು ಲೀಟರು ನೀರು. ಆ ದ್ರಾವಣದಲ್ಲಿ ಹದಿನಾಲ್ಕು ಮಿಲಿಲೀಟರು, ಇಪ್ಪತ್ತು ಲೀಟರಿನ ಟಬ್ಬಿಗೆ. ಒಮ್ಮೆಲೇ ಅಲ್ಲ, ಮೂರು ಕಂತಿನಲ್ಲಿ.

ನಮ್ಮ ವಿಭಾಗದ ಹಿರಿಯ ಸರ್ ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತಿದ್ದರು. ಸುತ್ತ ನಾಲ್ಕೈದು ಜನ. ಯಾರನ್ನೂ ಏನೂ ಕೇಳಿ ರೂಢಿಯಿಲ್ಲದ ನಾನು ಎಲ್ಲರೆದುರು ಕೇಳಬೇಕಾಯಿತು.

"ಸರ್, ಒಂದು ಗ್ರಾಂ ಮೈಲುತುತ್ತ ಬೇಕಾಗಿತ್ರಿ. ಮನಿಗೆ."

"ಮನಿಗೆ? ಯಾರಿಗೆ ಹಾಕ್ತೀರಿ ಮೇಡಂ, ಮೊನ್ನೆ ನೋಡಾಕ ಬಂದವ್ರಿಗೇನು?"

ಎಲ್ಲರೂ ನಕ್ಕರು. ಹಿಂದಿನ ಶನಿವಾರ ನಾನು ಹಾಕಿದ ಅರ್ಧ ದಿನದ ರಜೆಯ ಕಾರಣ ಇಷ್ಟು ದೂರ ಬಂದಿದೆ ಎಂದು ಆಗಲೇ ತಿಳಿದದ್ದು.

"ಮೀನಿಗೆ ಆರಾಮಿಲ್ರಿ" ಎಂದೆ. ದನಿ ಹೇಗೆ ಹೊರಟಿತೋ, ನಗು ನಿಂತಿತು. ಸರ್ ಕಪ್ಪು ಕೆಳಗಿಟ್ಟು ಎದ್ದರು. ಪ್ರಯೋಗಾಲಯದಲ್ಲಿ ತಕ್ಕಡಿಯ ಮುಂದೆ ನಾನು ಚಮಚ ಎತ್ತಿದಾಗ, "ಇಲ್ಲಿ ತಾ, ನೀ ಬಾಟಲಿ ತೊಳಿ" ಎಂದು ಏಕವಚನಕ್ಕೆ ಇಳಿದು ತಾವೇ ತೂಗಿದರು. ಎರಡು ಸಲ ತೂಗಿದರು. ದ್ರಾವಣ ಮಾಡಿ ಬಾಟಲಿಯ ಮೇಲೆ ಚೀಟಿ ಅಂಟಿಸುವಾಗ, "ಔಷಧ ಹಾಕೂಕಿಂತ ಮೊದಲ ಖಾಲಿ ನೀರು ಪರೀಕ್ಷಾ ಮಾಡು. ಹುಡುಗರಿಗೆ ಹೇಳ್ತೀಯಲ್ಲ, ಹಂಗ" ಎಂದರು.

ನಾನು ಹುಡುಗರಿಗೆ ಹೇಳುತ್ತೇನೆ. ಪ್ರತಿ ವರ್ಷದ ಮೊದಲ ತರಗತಿಯಲ್ಲಿ ಹೇಳುತ್ತೇನೆ: ಏನನ್ನೂ ಬೆರೆಸದ ನೀರನ್ನು ಮೊದಲು ಅಳೆಯಿರಿ, ಅದರಲ್ಲೇ ಏನಿದೆಯೋ ನಿಮಗೆ ಗೊತ್ತಿಲ್ಲ.

ತಪ್ಪಿಸಲಾಗದ ತರಗತಿಗಳನ್ನು ಮುಗಿಸಿ ಮನೆ ಮುಟ್ಟಿದಾಗ ನಾಲ್ಕೂವರೆ. ಪಡಸಾಲೆಯಲ್ಲಿ ಟಬ್ಬು ಆಗಲೇ ತುಂಬಿತ್ತು. ಅವ್ವ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಬಂದು, "ಟಬ್ಬು ತೊಳದು ನೀರ ತುಂಬೀನಿ ನೋಡು. ನೀ ಬಂದ್ ಕೂಡ್ಲೆ ಬಿಡಾಕಾತು ಅಂತ. ಸಣ್ಣದು ಬಾಳ ತೇಕಾಕತ್ತೈತಿ" ಎಂದಳು. ಸಣ್ಣದು ಓರೆಯಾಗಿ ನಿಂತಿತ್ತು. ನೂರಾ ಅರವತ್ತರ ಮೇಲೆ ಎಣಿಕೆ ಸಿಗಲಿಲ್ಲ. ತಾಮ್ರ ಪರೀಕ್ಷಿಸುವ ಹನಿಬಾಟಲಿ ಕಪಾಟಿನಲ್ಲಿತ್ತು, ಹಿಂದೆ ಸೀಗಡಿ ತಂದಾಗ ತರಿಸಿದ್ದು. ಐದು ನಿಮಿಷದ ಕೆಲಸ. ಆ ಐದು ನಿಮಿಷ ನನ್ನ ಬಳಿ ಇಲ್ಲವೆಂದು ನನಗೆ ಅನಿಸಿತು. ನೀರಿನ ಬಿಸಿ, ಉಪ್ಪು ಎರಡನ್ನೇ ನೋಡಿ, ಮೊದಲ ಕಂತು ಐದು ಮಿಲಿಲೀಟರು ಹಾಕಿ, ಎರಡೂ ಮೀನುಗಳನ್ನು ಟಬ್ಬಿಗೆ ಬಿಟ್ಟೆ. ಅಡಗಿಕೊಳ್ಳಲು ಪೈಪಿನ ತುಂಡೊಂದು ಇಟ್ಟೆ. ಎರಡೂ ಅದರೊಳಗೆ ಹೋದವು. ಸ್ವಲ್ಪ ಹೊತ್ತಿಗೆ ಹೊರಬಂದು ನೀರಿನ ಮೇಲ್ಭಾಗಕ್ಕೆ ಬಂದವು. ಜಾಗ ಹೊಸದು, ಹೆದರಿವೆ ಎಂದುಕೊಂಡೆ.

ಭಾನುವಾರ ಬೆಳಕು ಹರಿದಾಗ ಸಣ್ಣದು ಪೈಪಿನೊಳಗೆ ಸತ್ತಿತ್ತು. ಕಿವಿರು ಅಗಲವಾಗಿ ತೆರೆದೇ ಇತ್ತು. ದೊಡ್ಡದು ಮೂಲೆಯಲ್ಲಿ ಮುಖ ಮೇಲೆ ಮಾಡಿ, ಬಾಯಿ ತೆರೆದು, ಒಂದೊಂದು ಸಲ ಇಡೀ ಮೈ ಜಾಡಿಸುತ್ತಿತ್ತು. ಐದು ಮಿಲಿಲೀಟರು ಅಂದರೆ ಔಷಧವೇ ಅಲ್ಲ, ಔಷಧದ ಮೂರರಲ್ಲಿ ಒಂದು ಪಾಲು. ಅಷ್ಟಕ್ಕೆ ಹೀಗಾಗಬಾರದು. ಟಿಪ್ಪಣಿ ಪುಸ್ತಕ ತೆಗೆದು ಲೆಕ್ಕವನ್ನು ಮೊದಲಿನಿಂದ ಮಾಡಿದೆ. ಎಲ್ಲಿಯೋ ಒಂದು ಸೊನ್ನೆ ತಪ್ಪಿಸಿದ್ದೇನೆ, ನನ್ನ ಕೈಯಿಂದಲೇ ಕೊಂದಿದ್ದೇನೆ ಎನಿಸಿ ಮೂರು ಸಲ ಮಾಡಿದೆ. ಸೊನ್ನೆ ಎಲ್ಲೂ ತಪ್ಪಿರಲಿಲ್ಲ. ಆಮೇಲೆ ಟಬ್ಬಿನ ನೀರನ್ನು ಪರೀಕ್ಷಿಸಿದೆ. ಹನಿ ಹಾಕಿದ ನೀರು, ಹೋಲಿಸಿ ನೋಡುವ ಪಟ್ಟಿಯ ಕೊನೆಯ ಬಣ್ಣವನ್ನೂ ದಾಟಿ ಗಾಢವಾಯಿತು; ತಾಮ್ರ ಮಿತಿಮೀರಿತ್ತು.

ಹಿತ್ತಿಲಿಗೆ ಓಡಿದೆ. ಬಕೆಟ್ಟಿನ ತಳದಲ್ಲಿ ಉಪ್ಪುನೀರು ಸ್ವಲ್ಪ ಉಳಿದಿತ್ತು. ಅದಕ್ಕೆ ನಾನು ಏನೂ ಹಾಕಿರಲಿಲ್ಲ. ಅದನ್ನೂ ಪರೀಕ್ಷಿಸಿದೆ. ಅದೂ ಹಾಗೇ ಗಾಢವಾಯಿತು. ತಲೆ ಎತ್ತಿದಾಗ ಬಚ್ಚಲ ಕಟ್ಟೆಯ ಮೇಲೆ ನಮ್ಮ ಕುಡಿಯುವ ನೀರಿನ ಎರಡು ತಾಮ್ರದ ಕೊಡಗಳು ಬೋರಲಾಗಿದ್ದವು. ದೇವರ ಕೋಣೆಯ ಪಕ್ಕದ ಜಾಗದಿಂದ ಅವು ವಾರಕ್ಕೊಮ್ಮೆ, ಸೋಮವಾರ ಬೆಳಗಲು ಮಾತ್ರ ಹೊರಗೆ ಬರುತ್ತವೆ. ಅಂದು ಭಾನುವಾರ.

"ಅವ್ವಾ, ಈ ಕೊಡ ಯಾಕ ಹೊರಗದಾವ?"

"ಮೀನಿನ ನೀರ ಇಟ್ಟಿದ್ನಲ್ಲ. ಪ್ಲಾಸ್ಟಿಕ್ಕಿನಾಗ ಬಿಸಿಲಿಗೆ ವಾಸನಿ ಬರತೈತಿ ಅಂತ, ನೀ ಹ್ವಾದಿಂದ ಕೊಡದಾಗ ಹಾಕಿಟ್ಟಿದ್ದೆ. ನಿನ್ನೆ ಹುಣಶಿಹಣ್ಣ ಹಚ್ಚಿ ಚಂದಂಗ ಬೆಳಗೇ ಹಾಕೀನಿ ಮತ್ತ. ಉಳದದ್ದ ಬಕೀಟಿಗೆ ಸುರವೀನಿ." ನನ್ನ ಮುಖ ನೋಡಿ ಅವಳ ದನಿ ಸಣ್ಣದಾಯಿತು. "ಜಡ್ಡಾದವ್ರಿಗೆ ತಾಮ್ರದ ನೀರು ಚಲೋ ಅಲ್ಲೇನು? ನಿನಗ ಕಾಮಣಿ ಆದಾಗೂ ಅದನ್ನ ಕೊಟ್ಟಿದ್ದೆ."

ಮೀನಿನ ಮಗ್ಗು ಅಡುಗೆಮನೆಯ ಹೊಸ್ತಿಲು ದಾಟಬಾರದೆಂದವಳು ತನ್ನ ಕುಡಿಯುವ ಕೊಡಗಳನ್ನೇ ಮೀನಿಗೆ ಕೊಟ್ಟಿದ್ದಳು. ಹುಳಿ ಹಚ್ಚಿ ಬೆಳಗಿದ ತಾಮ್ರದಲ್ಲಿ ಉಪ್ಪುನೀರು ಇಡೀ ದಿನ ನಿಂತಿತ್ತು.

ದೊಡ್ಡದನ್ನು ಆ ಕ್ಷಣ ಬೇರೆ ನೀರಿಗೆ ಹಾಕಬೇಕಿತ್ತು. ಹೊಸ ಉಪ್ಪುನೀರು ಸಿದ್ಧವಾಗಲು ಒಂದು ರಾತ್ರಿ ಬೇಕು. ಮನೆಯಲ್ಲಿ ತಾಮ್ರವಿಲ್ಲದ ಉಪ್ಪುನೀರು ಇದ್ದದ್ದು ಒಂದೇ ಕಡೆ, ತೊಟ್ಟಿಯಲ್ಲಿ. ಆ ನೀರಿನ ತುಂಬ ರೋಗ. ಸಾಯುತ್ತಿರುವ ಮೀನನ್ನು ಅದು ಜಡ್ಡು ಬಿದ್ದ ನೀರಿಗೇ ಮತ್ತೆ ಹಾಕಬೇಕು, ಇಲ್ಲವೆ ಔಷಧದಲ್ಲಿ ಸಾಯಲು ಬಿಡಬೇಕು. ನಿಂತು ಯೋಚಿಸಿದ್ದು ಅರ್ಧ ನಿಮಿಷವಿರಬಹುದು. ಅಷ್ಟು ಉದ್ದದ ಅರ್ಧ ನಿಮಿಷ ನನ್ನ ಬದುಕಿನಲ್ಲಿ ಬೇರೆ ಇಲ್ಲ.

"ಅವ್ವಾ, ನೀ ಹೊಸಾ ಟಬ್ಬು ತಾ. ಬಟ್ಟಿ ಒಗಿಯೂದು. ಸಬಕಾರ ಹತ್ತಿರಬಾರ್ದು."

ನಾನು ಪೈಪು ಹಿಡಿದು ತೊಟ್ಟಿಯಿಂದ ನೀರು ಇಳಿಸಿದೆ. ಅವ್ವ ಟಬ್ಬು ಹಿಡಿದು ಕುಳಿತಳು. ಆಗ ಫೋನು ಬಂತು. ಕಾಕಾ. ಲಕ್ಷ್ಮೇಶ್ವರದವರು ಉತ್ತರ ಹೇಳಿದ್ದರು. ಅವ್ವನ ಕೈ ಒದ್ದೆ ಇದ್ದುದರಿಂದ ಸ್ಪೀಕರಿಗೆ ಹಾಕಿದ್ದಳು.

"ಹುಡುಗಿ ಚಲೋ ಅದಾಳಂತ. ಆದ್ರ ಅವ್ರ ದೊಡ್ಡವ್ವ ಅಂತಾಳ, ಆ ಹುಡುಗಿಗಿಂತ ಮೀನ ಹೆಚ್ಗಿ ಮಾತಾಡತಾವು ಅಂತ. ಇನ್ನೊಮ್ಮೆ ಬಂದು..."

"ಆಮ್ಯಾಲ ಮಾತಾಡೂಣು, ಇಡು" ಎಂದಳು ಅವ್ವ. "ಇಲ್ಲೆ ಮೀನಿಗೆ ಆರಾಮಿಲ್ಲ."

ಎರಡು ವರ್ಷದಿಂದ ಅಂಥದೊಂದು ಫೋನಿಗೆ ಕಾದವಳು ಅವಳು.

ದೊಡ್ಡದನ್ನು ತೊಟ್ಟಿಯ ನೀರಿಗೆ ಬಿಟ್ಟೆ. ಬಿಡುವ ಮೊದಲು ಆ ನೀರನ್ನು ಪರೀಕ್ಷಿಸಿದೆ. ಬಣ್ಣ ಬರಲಿಲ್ಲ. ಎರಡು ತಾಸು ಏನೂ ಹಾಕದೆ ಬಿಟ್ಟೆ. ಮೈ ಜಾಡಿಸುವುದು ನಿಂತಿತು. ಉಸಿರು ನೂರಾ ಐವತ್ತಾರು. ಆಮೇಲೆ ತಾಮ್ರವನ್ನು ಸೊನ್ನೆಯಿಂದ ಶುರುಮಾಡಿದೆ. ಈ ಸಲ ಐದು ಕಂತು. ಒಂದೊಂದು ಕಂತಿನ ಮೊದಲೂ ಪರೀಕ್ಷೆ, ನಂತರವೂ ಪರೀಕ್ಷೆ. ಸಣ್ಣದನ್ನು ಅವ್ವ ಹಿತ್ತಿಲಿನ ಕರಿಬೇವಿನ ಬುಡದಲ್ಲಿ ಹುಗಿದಳು. ನಾನು ಹೋಗಲಿಲ್ಲ.

ಸೋಮವಾರ ಕಾಲೇಜಿಗೆ ಹೋಗಲೇಬೇಕಾಯಿತು. ಹನ್ನೊಂದು ಗಂಟೆಗೆ, ಎರಡು ಗಂಟೆಗೆ ಅವ್ವನ ಫೋನು. "ಮೂವತ್ತೇಳ ಸಲ. ನಾಕಲೆ ನೀನ ಗುಣಸ್ಕೊ." ಗೋಡೆ ಗಡಿಯಾರದ ಕೆಳಗೆ ಕುರ್ಚಿ ಹಾಕಿಕೊಂಡು ಎಣಿಸುತ್ತಿದ್ದಳಂತೆ. ಮಂಗಳವಾರ ಮೂವತ್ತೇಳೇ. ಬುಧವಾರ ಮೂವತ್ತೊಂಬತ್ತು. ಆ ಸಂಜೆ ದೊಡ್ಡದು ಟಬ್ಬಿನ ತಳದಲ್ಲಿ ಮಗ್ಗುಲಾಗಿ ಮಲಗಿತ್ತು. ತಿನ್ನಲು ಹಾಕಿದ ಕಾಳು ಅದರ ಬಾಯಿಯ ಮುಂದೆಯೇ ಕರಗಿ ಹೋಯಿತು. ಇಷ್ಟು ಹಿಂಸೆ ಯಾಕೆ ಕೊಡುತ್ತಿದ್ದೇನೆ, ಬಿಟ್ಟುಬಿಡಬಾರದೇ ಎಂದು ಆ ದಿನ ಅನ್ನಿಸಿತು. ಬಿಡುವುದೆಂದರೆ ಏನು ಮಾಡುವುದು ಎಂದು ಮಾತ್ರ ಹೊಳೆಯಲಿಲ್ಲ. ಆದ್ದರಿಂದ ನೀರು ಪರೀಕ್ಷಿಸಿದೆ, ಕಡಿಮೆಯಾದಷ್ಟು ತಾಮ್ರ ತುಂಬಿದೆ, ತಳದ ಕೊಳೆ ತೆಗೆದೆ.

ಶುಕ್ರವಾರ ಬೆಳಿಗ್ಗೆ ಮೈಮೇಲಿನ ಧೂಳು ತೆಳುವಾಗಿತ್ತು. ಭಾನುವಾರ ಒಂದು ಕಾಳು ಬಾಯಿಗೆ ತೆಗೆದುಕೊಂಡು ಉಗುಳಿತು. ಮತ್ತೆ ತೆಗೆದುಕೊಂಡಿತು. ಉಗುಳಲಿಲ್ಲ.

ತೊಟ್ಟಿಯಲ್ಲಿ ಈಗ ಸೀಗಡಿ ಮತ್ತು ಬಸವನಹುಳು ಮಾತ್ರ. ಮೀನಿಲ್ಲದೆ ವಾರಗಟ್ಟಲೆ ಇಟ್ಟರೆ ರೋಗ ತಾನಾಗಿ ಸಾಯುತ್ತದೆ. ಮಡಕೆಯ ಚೂರು ಅಲ್ಲಿಯೇ ಇದೆ. ದೊಡ್ಡದು ಟಬ್ಬಿನಲ್ಲಿ ಪೈಪಿನ ಬಾಯಿಯ ಹತ್ತಿರ ನಿಲ್ಲುತ್ತದೆ, ಒಳಗೆ ಹೋಗುವುದಿಲ್ಲ. ಅದಕ್ಕೇನಾದರೂ ಅರ್ಥವಿದೆಯೇ ನನಗೆ ಗೊತ್ತಿಲ್ಲ.

ದೊಡ್ಡದು ಕಾಳು ನುಂಗಿದ ಮರುದಿನ, ಸೋಮವಾರ, ಅವ್ವ ಬಚ್ಚಲ ಕಟ್ಟೆಯ ಮೇಲೆ ಕೊಡ ಬೆಳಗುತ್ತಿದ್ದಳು. ನಾನು ಬಸ್ಸಿಗೆ ಹೊರಟು ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಅವಳು ತಲೆ ಎತ್ತಲಿಲ್ಲ.

"ಸಣ್ಣದು ಹ್ವಾದದ್ದು ನನ್ನ ಕೊಡದಿಂದನ ಏನು?"

ನನಗೆ ಉತ್ತರ ಗೊತ್ತಿಲ್ಲ. ವೆಲ್ವೆಟ್ಟೂ ಹೆಚ್ಚಾದ ತಾಮ್ರವೂ ಮೀನನ್ನು ಕೊಲ್ಲುವುದು ಒಂದೇ ರೀತಿ, ಉಸಿರು ಕಟ್ಟಿಸಿ. ಶನಿವಾರ ಸಂಜೆಯೇ ಅದರ ಉಸಿರು ಎಣಿಕೆಗೆ ಸಿಗುತ್ತಿರಲಿಲ್ಲ. ಕೊಡದ ನೀರಿಲ್ಲದಿದ್ದರೆ ಉಳಿಯುತ್ತಿತ್ತೋ ಇಲ್ಲವೋ, ಯಾವ ಪರೀಕ್ಷೆಯೂ ಈಗ ಹೇಳಲಾರದು. ಆ ನೀರನ್ನು ಐದು ನಿಮಿಷ ಪರೀಕ್ಷಿಸದೆ ಬಿಟ್ಟವಳು ನಾನು. ಆ ನೀಲಿ ಮೀನನ್ನು ಸುಮ್ಮನೇ ತೊಟ್ಟಿಗೆ ಬಿಟ್ಟವಳೂ ನಾನು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದು ನಾನು ಕಲಿತ ವಿದ್ಯೆ.

"ಅಲ್ಲವ್ವಾ" ಎಂದೆ. "ಅದಕ್ಕ ಮೊದಲ ಬಾಳ ಆಗಿತ್ತು. ಅದು ಉಳಿತಿದ್ದಿಲ್ಲ."

"ಖರೇನ?"

"ಖರೆ."

ಅವಳು ಮತ್ತೆ ಕೊಡ ತಿಕ್ಕತೊಡಗಿದಳು. ನಾನು ಚಪ್ಪಲಿ ಬಿಟ್ಟು ಒಳಗೆ ಬಂದೆ. ಬಸ್ಸಿಗೆ ಇನ್ನೂ ಹತ್ತು ನಿಮಿಷವಿತ್ತು. ಟಬ್ಬಿನ ಪಕ್ಕ ಕುಳಿತು ಹದಿನೈದು ಸೆಕೆಂಡು ಎಣಿಸಿದೆ. ಇಪ್ಪತ್ತೈದು. ನೂರು. ಇನ್ನೂ ಇಳಿಯಬೇಕು.